ಯಂತ್ರವೂ ಅಕ್ಷರವೂ

ವೀರನಹೊಸಹಳ್ಳಿಯ ಹೆಸರನ್ನು ನಾಡಿನ ಜನ ಕೇಳುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ದಸರೆಯ ಆನೆಗಳ ಗಜಪಯಣದ ಕಾಲದಲ್ಲಿ. ಮಂಗಳವಾದ್ಯಗಳ ಘೋಷವಡಗಿ, ನೆರೆದಿದ್ದ ಜನರೆಲ್ಲ ಹುಣಸೂರಿನ ದಾರಿ ಹಿಡಿದ ಮೇಲೆ, ನಾಗರಹೊಳೆಯ ಕಾಡಿನ ಬಾಗಿಲಲ್ಲಿರುವ ಈ ಊರು ತನ್ನ ಹೊಗೆಸೊಪ್ಪಿನ ಹೊಲಗಳಿಗೂ ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳಿಗೂ ಮರಳುತ್ತದೆ. ಇಂತಹ ಕಾಡಂಚಿನಲ್ಲಿ ಗಣಕಯಂತ್ರವೊಂದನ್ನು ಮನೆಯಲ್ಲಿಟ್ಟುಕೊಂಡವನು ಅದರ ಅಂತರಂಗವನ್ನು ಅಷ್ಟಿಷ್ಟಾದರೂ ತಾನೇ ಅರಿತಿರಬೇಕು. ಪಟ್ಟಣದಿಂದ ಬರುವ ರಿಪೇರಿಯವನಿಗೆ ಕತ್ತಲಾಗುವ ಮುನ್ನ, ಆನೆಗಳು ರಸ್ತೆಗಿಳಿಯುವ ಮುನ್ನ, ಹಿಂದಿರುಗುವ ಅವಸರವಿರುತ್ತದೆ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ನನ್ನ ಮೇಜಿನ ಮೇಲಿರುವ ಯಂತ್ರ ಹಳೆಯದು. ಆದರೆ ಉಪಾಧ್ಯಾಯ ವೃತ್ತಿಯಲ್ಲಿದ್ದ ಕಾಲದಲ್ಲಿ, ಕಾಡಿನೊಳಗಿನ ಹಾಡಿಗಳನ್ನು ಬಿಟ್ಟು ನಾಗಾಪುರದಲ್ಲಿ ನೆಲೆಸಿದ ಜೇನುಕುರುಬರ ಹಿರಿಯರ ಬಳಿ ಕುಳಿತು, ಮರಗಿಡಗಳಿಗೂ ಜೇನಿನ ಜಾತಿಗಳಿಗೂ ಆನೆಯ ನಡೆಗೂ ಅವರು ಬಳಸುವ ಹೆಸರುಗಳನ್ನು ಕೇಳಿ ಬರೆದುಕೊಂಡು, ರಾತ್ರಿ ಮನೆಗೆ ಬಂದು ‘ನುಡಿ’ ತಂತ್ರಾಂಶದಲ್ಲಿ ಒಂದೊಂದಾಗಿ ಬೆರಳಚ್ಚು ಮಾಡಿಟ್ಟ ಕಡತಗಳೆಲ್ಲವೂ ಅದರೊಳಗಿದ್ದವು. ಹೇಳಿದ ಹಿರಿಯರಲ್ಲಿ ಅನೇಕರು ಈಗ ಇಲ್ಲ. ಹೆಸರುಗಳನ್ನು ಮತ್ತೊಮ್ಮೆ ಕೇಳಿ ಬರೆದುಕೊಳ್ಳೋಣವೆಂದರೆ ಕೇಳುವುದು ಯಾರನ್ನು? ಆದುದರಿಂದ ಕಳೆದ ಮಳೆಗಾಲದಲ್ಲಿ ಆ ಯಂತ್ರ ಅಸ್ಥಿರವಾದಾಗ ನನಗಾದ ವ್ಯಾಕುಲತೆ ಯಂತ್ರಕ್ಕಾಗಿ ಅಲ್ಲ.

ಅದು ಕೆಟ್ಟ ರೀತಿಯೂ ನೇರವಾದುದಲ್ಲ. ಪೂರ್ತಿ ನಿಂತುಹೋದ ಯಂತ್ರವನ್ನು ಪರೀಕ್ಷಿಸುವುದು ಸುಲಭ. ಒಮ್ಮೆ ನಡೆದು ಒಮ್ಮೆ ನಿಲ್ಲುವುದನ್ನು ಪರೀಕ್ಷಿಸುವುದು ಕಷ್ಟ. ಬೆಳಗ್ಗೆ ಸುಸೂತ್ರವಾಗಿ ನಡೆದುದು ಸಂಜೆ ಹ್ಯಾಂಗ್ ಆಗುತ್ತಿತ್ತು. ಒಂದು ದಿನ ನೀಲಿಯ ಪರದೆ ತೋರಿಸಿ ಸ್ತಬ್ಧವಾದರೆ, ಇನ್ನೊಂದು ದಿನ ಯಾವ ಸೂಚನೆಯೂ ಇಲ್ಲದೆ ಆರಿ ತಾನಾಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಗಡಿಯಾರದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿರುತ್ತಿತ್ತು. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ಓಎಸ್ ಹಾಕಿಬಿಟ್ರೆ ಎಲ್ಲಾ ಸರಿಹೋಯ್ತದೆ ಸಾರ್’ ಎಂಬ ಉತ್ತರ ಬಂದಿತು. ಈ ಉತ್ತರವನ್ನು ನಾನು ಅನೇಕ ಕಡೆ ಕೇಳಿದ್ದೇನೆ. ಕಾರಣವನ್ನು ಶೋಧಿಸುವ ಶ್ರಮವನ್ನು ತಪ್ಪಿಸುವುದೇ ಅದರ ಆಕರ್ಷಣೆಯೆಂದು ತೋರುತ್ತದೆ. ಕಾರ್ಯಾಚರಣ ವ್ಯವಸ್ಥೆ ಕೆಟ್ಟಿರುವುದು ನಿಜವೇ ಇರಬಹುದು. ಅದನ್ನು ಕೆಡಿಸಿದ್ದು ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಿಸಿಗಾಳಿಯನ್ನೊಯ್ಯುವ ತಗಡಿನ ಕೊಳವೆ ಸೀಳಿರುವ ಬ್ಯಾರನ್ನಿನಲ್ಲಿ, ಸುಟ್ಟ ಸೊಪ್ಪನ್ನು ಇಳಿಸಿ ಹೊಸ ಸೊಪ್ಪನ್ನು ಏರಿಸಿದರೆ ಆಗುವುದೇನೆಂಬುದನ್ನು ನಮ್ಮ ರೈತರು ಬಲ್ಲರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮೈಸೂರಿನಲ್ಲಿ ಇದೇ ಕೆಲಸದಲ್ಲಿರುವವನು, ಊರಿಗೆ ಬಂದಿದ್ದಾಗ ಮನೆಗೆ ಬಂದು ಕುಳಿತ. ‘ಮೇಷ್ಟ್ರೇ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸೋಣ, ಎರಡು ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ’ ಎಂದ. ನಾನು ತರಗತಿಯಲ್ಲಿ ವಿಜ್ಞಾನದ ಪ್ರಯೋಗಕ್ಕೆ ಹೇಳುತ್ತಿದ್ದ ನಿಯಮವನ್ನೇ ಅವನು ನನಗೆ ಹೇಳಿದುದು ಕೇಳಿ ಬಹಳ ಸಂತೋಷವಾಯಿತು.

ಮೊದಲು ವಿದ್ಯುತ್ತು. ಸಂಜೆಯ ಹೊತ್ತು ನಮ್ಮಲ್ಲಿ ದೀಪಗಳು ಡಿಮ್ ಆಗುವುದುಂಟು. ಯುಪಿಎಸ್ಸಿನ ಬ್ಯಾಟರಿ ಸತ್ವಹೀನವಾಗಿದ್ದುದರಿಂದ ಕರೆಂಟಿನ ಆ ಏರಿಳಿತಗಳೆಲ್ಲ ನೇರವಾಗಿ ಯಂತ್ರಕ್ಕೆ ತಾಗುತ್ತಿದ್ದವು. ಬ್ಯಾಟರಿ ಬದಲಾದ ಮೇಲೆ ತಾನಾಗಿ ಆರುವುದು ನಿಂತಿತು. ಆದರೆ ನೀಲಿಯ ಪರದೆ ನಿಲ್ಲಲಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳಿಗೆ ಧೂಳು ಹತ್ತಿಯಂತೆ ಕಟ್ಟಿಕೊಂಡಿದ್ದಿತು. ಬಣ್ಣದ ಬ್ರಷ್ಷಿನಿಂದ ಅದನ್ನು ತೆಗೆದೆವು. ಪ್ರಾಸೆಸರಿನ ತಾಪ ಇಳಿಯಿತು. ನೀಲಿಯ ಪರದೆ ಹಾಗೆಯೇ ಇದ್ದಿತು. ತಾರೀಖು ಹಿಂದಕ್ಕೆ ಹೋಗುತ್ತಿದ್ದುದಕ್ಕೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಸೆಲ್ಲು ಬರಿದಾದುದೇ ಕಾರಣ, ಅದಕ್ಕೂ ಇತರ ಉಪದ್ರವಗಳಿಗೂ ಸಂಬಂಧವಿಲ್ಲ ಎಂದು ಅವನು ಹೇಳಿದ. ಯಾವುದು ಮೂಲದೋಷ, ಯಾವುದು ಕೇವಲ ವಾರ್ಧಕ್ಯದ ಚಿಹ್ನೆ ಎಂದು ಬೇರ್ಪಡಿಸುವಲ್ಲಿಯೇ ಈ ವಿದ್ಯೆಯ ಸೂಕ್ಷ್ಮವಿರುವುದು.

ಉಳಿದುದು ಸ್ಮೃತಿಫಲಕ, ಎಂದರೆ ರ್ಯಾಮ್. ಅದರ ಅಂಚಿನ ಚಿನ್ನದ ಲೇಪದ ಪಟ್ಟಿಗಳನ್ನು ಅವನು ಪೆನ್ಸಿಲ್ಲಿನ ರಬ್ಬರಿನಿಂದ ಹಗುರವಾಗಿ ಉಜ್ಜಿದಾಗ, ಮಳೆಗಾಲದ ತೇವ ಅಂಟಿಸಿದ್ದ ಮಸುಕು ಹೋಗಿ ಪಟ್ಟಿಗಳು ಹೊಳೆದವು. ಆ ಬಳಿಕ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ನಡೆಯಲು ಬಿಟ್ಟೆವು. ಸ್ಮೃತಿಯ ಪ್ರತಿಯೊಂದು ಕೋಶದಲ್ಲಿಯೂ ಗೊತ್ತಾದ ಸಂಖ್ಯೆಯೊಂದನ್ನು ಬರೆದು, ಬರೆದುದೇ ಮರಳಿ ಬರುವುದೋ ಇಲ್ಲವೋ ಎಂದು ಓದಿ ನೋಡುವುದು ಅದರ ಕ್ರಮ. ಬೆಳಗ್ಗೆ ಎದ್ದು ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳು. ಎರಡು ಫಲಕಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಲಾಗಿ, ಒಂದು ನಿರ್ದುಷ್ಟವಾಗಿದ್ದಿತು. ಮತ್ತೊಂದು ತಾನು ಕೇಳಿದುದನ್ನು ಬೇರೆಯಾಗಿ ಹೇಳುತ್ತಿದ್ದಿತು. ಇಂತಹ ಫಲಕದ ಮೂಲಕ ಹಾದು ಡಿಸ್ಕಿಗೆ ಹೋಗುವ ಪ್ರತಿಯೊಂದು ಬರಹವೂ ಕಲುಷಿತವಾಗುವ ಸಂಭವವಿರುವುದರಿಂದಲೇ ಕಾರ್ಯಾಚರಣ ವ್ಯವಸ್ಥೆಯ ಕಡತಗಳು ಒಂದೊಂದಾಗಿ ಕೆಟ್ಟಿದ್ದುದು; ಅಂಗಡಿಯವರ ಮಾತಿನಂತೆ ಮೊದಲೇ ಹೊಸ ವ್ಯವಸ್ಥೆಯನ್ನು ಹಾಕಿಸಿದ್ದರೆ ಅದೂ ಅದೇ ಕಲುಷದಲ್ಲಿ ಹುಟ್ಟುತ್ತಿತ್ತು.

ಆ ಫಲಕವನ್ನು ತೆಗೆದು ಮೂಲದೋಷ ಕಳೆದ ಮೇಲೆ ವ್ಯವಸ್ಥೆಯ ಪುನಃಸ್ಥಾಪನೆ ದೊಡ್ಡ ಕೆಲಸವೇನೂ ಆಗಲಿಲ್ಲ. ಆದರೆ ಅದಕ್ಕೆ ಮುನ್ನ, ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ವ್ಯವಸ್ಥೆಯೊಂದರಿಂದ ಯಂತ್ರವನ್ನು ಎಬ್ಬಿಸಿ, ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆವು. ಸಿ ಡ್ರೈವನ್ನು ಅಳಿಸಿದರೆ ಡೆಸ್ಕ್‌ಟಾಪಿನ ಮೇಲಿರುವುದೂ ಅಳಿಯುತ್ತದೆ. ಕಣ್ಣಿಗೆ ಎದುರಾಗಿಯೇ ಇರುವುದರಿಂದ ಅದು ಸುರಕ್ಷಿತವೆಂದು ಭಾವಿಸಿ ಎಲ್ಲವನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದಲೂ, ಅದರ ಮುಂದಿನದನ್ನು ಹೊರುವ ಅರ್ಹತೆ ಈ ಹಳೆಯ ಯಂತ್ರಕ್ಕೆ ಇಲ್ಲದಿರುವುದರಿಂದಲೂ, 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಆ ಲಿನಕ್ಸನ್ನೇ ಸ್ಥಿರವಾಗಿ ನೆಲೆಗೊಳಿಸಿದೆವು. ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರು ಕಂಡಿತು. ಕನ್ನಡ ಗಣಕ ಪರಿಷತ್ತಿನ ಹೆಸರು, ಕೆ. ಪಿ. ರಾಯರು ರೂಪಿಸಿದ ವಿನ್ಯಾಸ, ದೂರದ ಆ ವ್ಯವಸ್ಥೆಯ ಒಡಲಿನಲ್ಲಿ ಯಾರೂ ಕೇಳದೆಯೇ ಸಿದ್ಧವಾಗಿರುವುದನ್ನು ಕಂಡು ಮನಸ್ಸು ತುಂಬಿ ಬಂದಿತು.

ಆ ಬಳಿಕ ಹಳೆಯ ಕಡತವೊಂದನ್ನು ತೆರೆದೆವು. ಪರದೆಯ ಮೇಲೆ ಕನ್ನಡ ಇರಲಿಲ್ಲ. ನೆತ್ತಿಯ ಮೇಲೆ ಓರೆಗೀಟುಗಳನ್ನು ಹೊತ್ತ ರೋಮನ್ ಲಿಪಿಯ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ‘ಕನ್ನಡ’ ಎಂಬ ಪದವಿದ್ದ ಎಡೆಯಲ್ಲಿ ಮೊದಲು ಪಿ ಅಕ್ಷರ, ನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ, ಅದರಾಚೆ ಜರ್ಮನರ ಒಂದು ಅಕ್ಷರ, ಕೊನೆಗೆ ಕ್ಯೂ. ಕಡತ ಕೆಟ್ಟಿರಲಿಲ್ಲ. ‘ನುಡಿ’, ‘ಬರಹ’ಗಳು ಬಂದ ಕಾಲದಲ್ಲಿ ಗಣಕಕ್ಕೆ ಕನ್ನಡವೆಂಬುದೊಂದು ಇರುವ ಸಂಗತಿಯೇ ತಿಳಿಯದಿದ್ದುದರಿಂದ, ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ಆಕೃತಿಗಳನ್ನು ತೊಡಿಸಿ ಫಾಂಟುಗಳನ್ನು ರಚಿಸಿದ್ದರು. ಫಾಂಟು ಇರುವವರೆಗೆ ಕನ್ನಡ. ಫಾಂಟು ಹೋದರೆ ಒಳಗಿನ ಎರವಲು ಬಯಲಿಗೆ ಬರುತ್ತದೆ. ಆ ಉಪಾಯವನ್ನು ನಾನು ಲಘುವಾಗಿ ಕಾಣಲಾರೆ. ಅದಿಲ್ಲದಿದ್ದರೆ ನಮ್ಮ ಕಚೇರಿಗಳ ಪತ್ರಗಳಾಗಲಿ, ಲಗ್ನಪತ್ರಿಕೆಗಳಾಗಲಿ, ನನ್ನ ಈ ಸಂಗ್ರಹವಾಗಲಿ ಅಂದು ಗಣಕದಲ್ಲಿ ಮೂಡುತ್ತಲೇ ಇರಲಿಲ್ಲ. ಪ್ರತಿಯೊಂದು ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಬೇರೆ ದಾರಿಯದು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಕಕಾರದ ಸಂಖ್ಯೆ 3221, ಅದು ಇನ್ನಾವ ಲಿಪಿಯ ಯಾವ ಅಕ್ಷರಕ್ಕೂ ಸೇರಿದುದಲ್ಲ. ಯಂತ್ರ ಬದಲಾಗಲಿ, ವ್ಯವಸ್ಥೆ ಬದಲಾಗಲಿ, ಹಾಗೆ ಬರೆದ ಕಕಾರ ಕಕಾರವಾಗಿಯೇ ಉಳಿಯುತ್ತದೆ.

ನುಡಿಯ ಫಾಂಟುಗಳನ್ನು ಹಾಕಿದೊಡನೆ ಮರಗಳ ಹೆಸರುಗಳೂ ಜೇನಿನ ಹೆಸರುಗಳೂ ಮರಳಿ ಕಂಡವು. ಅಷ್ಟಕ್ಕೇ ತೃಪ್ತನಾಗದೆ ಎಲ್ಲವನ್ನೂ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದೆ. ಪರಿವರ್ತನೆ ಸಂಪೂರ್ಣ ನಿರ್ದೋಷವಾಗುವುದಿಲ್ಲ. ಮುಖ್ಯವಾಗಿ ಅರ್ಕಾವೊತ್ತಿನಲ್ಲಿ ತೊಡಕು. ‘ವರ್ಷ’ ಎಂಬಲ್ಲಿ ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ರೇಫವನ್ನು ಷಕಾರದ ಬಳಿಕ ಇಡುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ಮೊದಲು ಇಡುತ್ತದೆ. ಆದುದರಿಂದ ಪ್ರತಿಯೊಂದು ಪುಟವನ್ನೂ ಕೈಬರಹದ ಮೂಲದೊಡನೆ ಹೋಲಿಸಿ ತಿದ್ದಬೇಕಾಯಿತು. ಹಿರಿಯರು ಹೇಳಿದ ಹೆಸರೊಂದು ಯಂತ್ರದ ದೆಸೆಯಿಂದ ವಿಕೃತವಾಗಿ ಉಳಿಯುವುದನ್ನು ನಾನು ಸಹಿಸಲಾರೆ.

ನಿಮ್ಮ ಮನೆಯ ಗಣಕದಲ್ಲಿಯೂ ಇಂತಹ ಹಳೆಯ ಕಡತಗಳಿರಬಹುದು: ತಂದೆಯವರ ಲೇಖನ, ತಾಯಿ ಹೇಳಿ ಬರೆಸಿದ ಹಾಡು, ಊರಿನ ದೇವಸ್ಥಾನದ ಲೆಕ್ಕ. ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಅವುಗಳನ್ನು ಯೂನಿಕೋಡಿಗೆ ತಂದು, ಓದಿ ತಿದ್ದಿ, ಒಂದು ಪ್ರತಿಯನ್ನು ಮನೆಯ ಹೊರಗೆ ಬೇರೆಡೆಯಲ್ಲಿಯೂ ಇರಿಸಿರಿ. ‘ಫಾರ್ಮ್ಯಾಟ್ ಹೊಡೆಯೋಣವೇ’ ಎಂದು ಯಾರಾದರೂ ಕೇಳಿದರೆ, ಆ ಪ್ರತಿಯನ್ನು ಒಮ್ಮೆ ತೆರೆದು ನೋಡಿದ ಮೇಲೆಯೇ ಒಪ್ಪಿಗೆ ಕೊಡಿರಿ.