ನೇರಳೆಯ ಒಗರು

ನಮ್ಮ ಶಾಲೆಯ ಅಂಗಳದಲ್ಲಿ ಒಂದು ಹಳೆಯ ನೇರಳೆಯ ಮರವಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೂ ಅದರ ಹಣ್ಣು ಉದುರುವುದಕ್ಕೂ ಸರಿಹೋಗುತ್ತದೆ. ಪಾಠದ ಹೊತ್ತಿನಲ್ಲಿ ಯಾರು ಮರದಡಿಗೆ ಓಡಿದ್ದರೆಂಬುದನ್ನು ತಿಳಿಯಲು ನಾನು ಸಾಕ್ಷಿಗಳನ್ನು ವಿಚಾರಿಸುವುದಿಲ್ಲ. "ನಾಲಗೆ ಚಾಚು" ಎನ್ನುತ್ತೇನೆ, ಅಷ್ಟೆ. ಹದಿನೇಳು ವರ್ಷಗಳ ಹಿಂದೆ, ತರಬೇತಿಯ ಪ್ರಮಾಣಪತ್ರವನ್ನು ಹಿಡಿದುಕೊಂಡು ದೆಂಕಣಿಕೋಟೆಯ ಕಡೆಯ ಈ ಕನ್ನಡ ಶಾಲೆಗೆ ನಾನು ಬಂದ ಮೊದಲನೆಯ ವರ್ಷ, ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಆ ಋತುವಿನಲ್ಲಿ ಅವನ ನಾಲಗೆಗೆ ಬೇರೆ ಬಣ್ಣವಿದ್ದುದನ್ನು ನಾನು ಕಂಡಿಲ್ಲ.

ಅವನಿಗೆ ತಂದೆಯಿರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆಯ ಕುಡುಕರು ಗಡಿ ದಾಟಿ ಹೋಗಿ, ಕರ್ನಾಟಕದಲ್ಲಿ ಮಾರುತ್ತಿದ್ದ ಪ್ಯಾಕೆಟ್ ಸಾರಾಯಿಯನ್ನು ಕುಡಿದು ಬರುತ್ತಿದ್ದರು. 2007ರ ಜುಲೈ ತಿಂಗಳಿಂದ ಅಲ್ಲಿ ಸಾರಾಯಿ ನಿಷಿದ್ಧವಾಯಿತು. ಆ ಹುಡುಗನ ತಂದೆಯ ಪಾಲಿಗೆ ಆ ಆಜ್ಞೆ ಒಂದು ವರ್ಷ ತಡವಾಗಿ ಬಂದಿತು. ತಾಯಿ ನಮ್ಮ ಶಾಲೆಯಲ್ಲಿಯೇ ಮಧ್ಯಾಹ್ನದ ಊಟದ ಅಡುಗೆಗೆ ಸೇರಿದಳು. ಇಂದಿಗೂ ಅದೇ ಒಲೆಯ ಮುಂದೆ ಇದ್ದಾಳೆ. ಪ್ರತಿವರ್ಷ ಅಕ್ಟೋಬರ್ 2ರಂದು ಮಕ್ಕಳಿಂದ ಮದ್ಯಪಾನದ ವಿರುದ್ಧ ನಾನು ಪ್ರತಿಜ್ಞೆ ಮಾಡಿಸುವಾಗ ಆಕೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳುತ್ತಾಳೆ.

ಆ ಹುಡುಗ ಮುಂದೆ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದನು. "ಏನೋ ಫ್ಯಾಕ್ಟರಿ, ಮೇಷ್ಟ್ರೇ" ಎಂದು ತಾಯಿ ಹೇಳುತ್ತಿದ್ದಳು. ಪ್ರತಿ ಶನಿವಾರ ಅವನು ಮೋಟಾರ್ ಸೈಕಲಿನ ಹಿಂದೆ ಒಂದು ಚೀಲ ಹಸಿ ಬೂಸಾ ತರುತ್ತಿದ್ದನು. ಅದನ್ನು ತಿಂದು ಹಸು ಅರ್ಧ ಲೀಟರು ಹೆಚ್ಚಿಗೆ ಹಾಲು ಕೊಡುತ್ತಿದ್ದಿತು. ಕಳೆದ ಜೂನಿನಲ್ಲಿ ಅವನು ಶಾಲೆಗೆ ಬಂದು, ಒಂದು ಬುಟ್ಟಿ ನೇರಳೆಹಣ್ಣನ್ನು ಆರಿಸಿಕೊಂಡು ಹೋಗಲು ಅಪ್ಪಣೆ ಕೇಳಿದನು. ಕೊಟ್ಟೆನು. ಏತಕ್ಕೆಂದು ಕೇಳಬೇಕೆಂದು ನನಗೆ ತೋರಲಿಲ್ಲ. ಮೂರು ವಾರಗಳ ಮೇಲೆ ಫೋನು ಮಾಡಿ, "ಸಾರ್, ಒಂದು ಭಾನುವಾರ ಬಂದು ಹೋಗಿ. ಒಂದು ಪ್ರಯೋಗ ಮಾಡಿದ್ದೇನೆ, ತಿದ್ದುವುದಕ್ಕೆ ನೀವೇ ಬೇಕು" ಎಂದನು. ತಿದ್ದುವುದೆಂದರೆ ಉಪಾಧ್ಯಾಯನಿಗೆ ಬೇರೆ ಆಮಂತ್ರಣವೇ ಬೇಕಿಲ್ಲ, ಹೊರಟೆನು.

ಅದು ಫ್ಯಾಕ್ಟರಿಯಾಗಿರಲಿಲ್ಲ; ತಾನೇ ಬಿಯರ್ ತಯಾರಿಸಿ ಮಾರುವ ಒಂದು ಹೋಟೆಲು. 2010ರ ಸುಮಾರಿನಿಂದ ಬೆಂಗಳೂರಿನಲ್ಲಿ ಇಂಥವು ಬಹಳವಾಗಿವೆ. ಗಾಜಿನ ಗೋಡೆಯ ಹಿಂದೆ ಆಳೆತ್ತರದ ಉಕ್ಕಿನ ಹಂಡೆಗಳು. ಹಿಂದಿರುಗಿ ಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆನು. ಆದರೆ ಅವನು ಹೇಳತೊಡಗಿದ ರೀತಿಯಲ್ಲಿ ಆ ಯೋಚನೆ ಮರೆತುಹೋಯಿತು. ನಾಲ್ಕನೆಯ ತರಗತಿಯಲ್ಲಿ ಒಂದು ಪ್ರಶ್ನೆಗೂ ಬಾಯಿ ಬಿಡದಿದ್ದವನು ಈಗ ನನಗೆ ಪಾಠ ಹೇಳುತ್ತಿದ್ದನು.

ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸುವಂತೆ ಗೋಧಿಯನ್ನೂ ಬಾರ್ಲಿಯನ್ನೂ ಮೊಳಕೆ ಬರಿಸಿ ಒಣಗಿಸಿ ನುಚ್ಚು ಮಾಡುತ್ತಾರೆ. ಅದನ್ನು ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಯಿಸಿದರೆ ಮೊಳಕೆಯಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಮಾಡುತ್ತವೆ. ಗೋಧಿಯೊಂದೇ ಸಾಲದೇ ಎಂದು ಕೇಳಿದೆನು. "ಗೋಧಿಗೆ ಹೊಟ್ಟಿಲ್ಲ ಸಾರ್, ಅಂಟಾಗಿ ಹೋಗುತ್ತದೆ. ಬಾರ್ಲಿಯ ಹೊಟ್ಟೇ ನಮಗೆ ಜರಡಿ" ಎಂದನು. ಸೋಸಿದ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಉಳಿದ ನುಚ್ಚೇ ಶನಿವಾರದ ಬೂಸಾ!

ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಹೊರಟ ಕಟ್ಟಳೆಯೊಂದು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವು ಮೂರನ್ನು ಬಿಟ್ಟು ಬೇರೇನೂ ಸೇರಬಾರದೆಂದಿತಂತೆ. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಆಗ ಅದನ್ನು ಕಂಡವರಾರು? ಪಾಸ್ಟರ್ ಮಹಾಶಯನು ಬಿಯರನ್ನು ಕುರಿತು ತನ್ನ ಗ್ರಂಥವನ್ನು ಪ್ರಕಟಿಸಿದುದು 1876ರಲ್ಲಿ. ಅದೇ ಬವೇರಿಯಾದ ಗೋಧಿ ಬಿಯರಿನಲ್ಲಿ ಬಾಳೆಹಣ್ಣೂ ಲವಂಗವೂ ಬೆರೆತಂತಹ ಪರಿಮಳವಿರುವುದಂತೆ. ಬಾಳೆಹಣ್ಣಾಗಲಿ ಲವಂಗವಾಗಲಿ ಅದರಲ್ಲಿಲ್ಲ, ಎಲ್ಲವೂ ಯೀಸ್ಟಿನ ಮಾಯೆ. ಬೆಲ್ಜಿಯಂ ದೇಶದ ಹೂಗಾರ್ಡನ್ ಎಂಬ ಊರಿನಲ್ಲಿ ಗೋಧಿ ಬಿಯರಿನ ಕೊನೆಯ ಮನೆಯೂ ಮುಚ್ಚಿದ ಮೇಲೆ, 1966ರಲ್ಲಿ ಅದನ್ನು ಮತ್ತೆ ಎಬ್ಬಿಸಿದವನು ಪಿಯರ್ ಸೆಲಿಸ್ ಎಂಬ ಹಾಲು ಮಾರುವವನು. ಅದಕ್ಕೆ ಕೊತ್ತಂಬರಿ ಬೀಜವನ್ನೂ ಕಿತ್ತಳೆಯ ಸಿಪ್ಪೆಯನ್ನೂ ಹಾಕುತ್ತಾರೆಂದು ಕೇಳಿ, ಅದು ಸಾರಿನ ಪುಡಿಯ ದೂರದ ಬಂಧುವಿರಬೇಕೆಂದುಕೊಂಡೆನು.

ಕೊನೆಗೆ ಒಂದು ಪುಟ್ಟ ಲೋಟದಲ್ಲಿ ನಾಲ್ಕು ಗುಟುಕಿನಷ್ಟು ತಂದಿಟ್ಟನು. ಇಪ್ಪತ್ತು ಲೀಟರು ಗೋಧಿ ಬಿಯರಿಗೆ ನಮ್ಮ ಅಂಗಳದ ಮೂರು ಕಿಲೋ ಹಣ್ಣು. ಬೀಜ ತೆಗೆದು, ಬಿಸಿಮಾಡಿ ಬೆರೆಸಿದ್ದು. ತೆಳುವಾದ ಗುಲಾಬಿ ಬಣ್ಣ. "ನೆನಪಿದೆಯೇ ಸಾರ್? ನೇರಳೆಯ ರಸಕ್ಕೆ ಸೋಪಿನ ನೀರು ಹಾಕಿ ನೀಲಿ ಮಾಡಿದಿರಿ, ನಿಂಬೆಹುಳಿ ಹಾಕಿ ಕೆಂಪು ಮಾಡಿದಿರಿ. ಬಿಯರಿನಲ್ಲಿ ಹುಳಿಯಿದೆ, ಅದಕ್ಕೇ ಈ ಬಣ್ಣ" ಎಂದನು.

ನಾನು ಕುಡಿಯುವವನಲ್ಲ. ಹದಿನೇಳು ವರ್ಷ ಮಕ್ಕಳಿಗೆ ಪ್ರತಿಜ್ಞೆ ಬೋಧಿಸಿದವನು. ಎದುರಿಗೆ ನಿಂತವನಾದರೋ ಉತ್ತರಪತ್ರಿಕೆಯನ್ನು ಕೊಟ್ಟು ಅಂಕಕ್ಕಾಗಿ ಕಾಯುತ್ತಿರುವ ಹುಡುಗನಂತೆ ನನ್ನ ಮುಖವನ್ನೇ ನೋಡುತ್ತಿದ್ದನು. ಓದದೆಯೇ ಪತ್ರಿಕೆಯನ್ನು ಹಿಂದಿರುಗಿಸುವುದೆಂತು? ಎರಡು ಗುಟುಕು ಕುಡಿದೆನು. ಸರಿಯೋ ತಪ್ಪೋ ನನ್ನ ಸಹೋದ್ಯೋಗಿಗಳು ಹೇಳಲಿ.

ಮೊದಲು ನೊರೆ, ಆಮೇಲೆ ಹುದುಗಿದ ದೋಸೆಹಿಟ್ಟಿನ ವಾಸನೆ, ಅನಂತರ ಹುಳಿ. ನೇರಳೆಯ ಸಿಹಿಗಾಗಿ ನಾಲಗೆ ಕಾಯಿತು, ಅದು ಬರಲಿಲ್ಲ. ಬಂದುದು ಒಗರು, ಹಲ್ಲಿನ ಸಂದಿಗೆಲ್ಲ ಅಂಟಿಕೊಳ್ಳುವ ಒಗರು. "ಹಣ್ಣೆಲ್ಲಿ ಹೋಯಿತಪ್ಪಾ?" ಎಂದೆನು. ಅವನ ಮುಖ ಬಾಡಿತು. "ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ ಸಾರ್. ಒಗರು ಅದಕ್ಕೆ ಬೇಡ. ಅದನ್ನು ನಮಗೇ ಬಿಡುತ್ತದೆ."

ನೇರಳೆಯನ್ನು ನಾವು ಬರಿದೆ ತಿನ್ನುತ್ತೇವೆಯೇ? ಉಪ್ಪು ಹಚ್ಚಿ ತಿನ್ನುತ್ತೇವೆ. ಹಾಗೆಂದೆನು. ಅವನು ಬೆರಗಾಗಿ ನಕ್ಕನು. ಜರ್ಮನಿಯ ಲೈಪ್ಜಿಗ್ ಪಟ್ಟಣದಲ್ಲಿ ಉಪ್ಪೂ ಕೊತ್ತಂಬರಿಯೂ ಸೇರಿದ 'ಗೋಸೆ' ಎಂಬ ಹುಳಿ ಗೋಧಿ ಬಿಯರೇ ಇದೆಯಂತೆ. ಚಿಟಿಕೆ ಉಪ್ಪನ್ನು ಉಳಿದ ಗುಟುಕಿಗೆ ಹಾಕಿ ಅವನೇ ಕುಡಿದನು. ನುಂಗಿದುದನ್ನು ನಾನು ನೋಡಿದೆನು.

ಬಸ್ಸಿನವರೆಗೆ ಬಂದು, "ಅಮ್ಮನಿಗೆ ಹೇಳಬೇಡಿ ಸಾರ್" ಎಂದನು. "ನಾನಾಗಿ ಹೇಳುವುದಿಲ್ಲ. ಆಕೆ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ" ಎಂದೆನು.

ಮರುದಿನವೇ ಕೇಳಿದಳು. ಸಾಂಬಾರಿನ ಹಂಡೆಯಲ್ಲಿ ಸೌಟಾಡಿಸುತ್ತ, ನನ್ನ ಕಡೆ ತಿರುಗದೆ, "ಅವನ ಫ್ಯಾಕ್ಟರಿ ನೋಡಿಕೊಂಡು ಬಂದ್ರಂತೆ, ಮೇಷ್ಟ್ರೇ" ಎಂದಳು. ನಾನು ಮಾತು ಹುಡುಕುವಷ್ಟರಲ್ಲಿ ಆಕೆಯೇ, "ಆ ಬೂಸಾದ ವಾಸನೆ ನನಗೆ ಗೊತ್ತಾಗಲ್ವಾ? ಆ ವಾಸನೆ ಪಕ್ಕದಲ್ಲಿ ಹತ್ತು ವರ್ಷ ಮಲಗಿದೋಳು ನಾನು. ಒಂದೇ ಮಾತು ಹೇಳಿ. ಅವನು ಕುಡೀತಾನಾ?" ಎಂದಳು.

"ರುಚಿ ನೋಡುತ್ತಾನೆ" ಎಂದೆನು.

ಆಕೆ ಸಾಂಬಾರನ್ನು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು. "ನಾನೂ ದಿನಾ ರುಚಿ ನೋಡ್ತೀನಿ. ಇದರ ರುಚಿ ನೋಡಿ ಯಾರೂ ಸತ್ತಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅವನೇ ಬಂದು ನನ್ನ ಮುಂದೆ ಹೇಳಲಿ ಅನ್ನಿ" ಎಂದಳು. ಹಾಗೆಯೇ ತಿಳಿಸಿದೆನು.

ಶನಿವಾರ ಅವನು ಬಂದನು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಬೂಸಾದ ಚೀಲ ಮಾತ್ರ ಬಹಳ ಹೊತ್ತು ಹೊರಗೇ ಇದ್ದಿತೆಂದು ನೆರೆಯವರು ಹೇಳಿದರು. ಈ ಸಂಗತಿಯನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ, ಹೆಸರು ಬೇಡವೆಂದು ಹೇಳಿ.

ಸೋಮವಾರ ಬೆಳಿಗ್ಗೆ ನಾನು ಹಾಜರಿ ತೆಗೆದುಕೊಳ್ಳುತ್ತಿದ್ದಾಗ ಆಕೆ ಬಾಗಿಲಿಗೆ ಬಂದಳು. ಮಕ್ಕಳೆಲ್ಲರೂ ಕೇಳುವಂತೆ, "ಉಪ್ಪು ಹಾಕು ಅಂತ ನೀವೇ ಹೇಳಿದ್ರಂತೆ, ಮೇಷ್ಟ್ರೇ?" ಎಂದಳು. ಆಕೆಯ ಮುಖದಲ್ಲಿದ್ದುದು ಸಿಟ್ಟೋ ನಗೆಯೋ ನಾನು ಹೇಳಲಾರೆ. ನಾನು ಹಾಜರಿ ಪುಸ್ತಕದ ಕಡೆ ನೋಡಿ ಮುಂದಿನ ಹೆಸರನ್ನು ಕೂಗಿದೆನು.