ಹಳ್ಳಿಯ ಹಾಡುಗಳ ಹೂಗುಚ್ಛ

ಪಾಶ್ಚಾತ್ಯ ಸಂಗೀತದ ಸಭಾಂಗಣಗಳಲ್ಲಿ ಪಿಟೀಲು, ಪಿಯಾನೋಗಳಿಗೆ ದೊರೆತ ಮನ್ನಣೆ ಬಹುಕಾಲ ಬ್ಯಾಂಡಿಗೆ ದೊರೆತಿರಲಿಲ್ಲ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್, ತುತ್ತೂರಿ ಮೊದಲಾದ ಸುಷಿರವಾದ್ಯಗಳೂ ತಾಳವಾದ್ಯಗಳೂ ಕೂಡಿದ ಮೇಳವೇ ಬ್ಯಾಂಡು. ಸೈನಿಕರ ಹೆಜ್ಜೆಗೆ ಲಯ ಒದಗಿಸುವುದು, ಉದ್ಯಾನಗಳಲ್ಲಿ ಸಂಜೆಯ ಜನರನ್ನು ರಂಜಿಸುವುದು, ಇಷ್ಟೇ ಅದರ ಕೆಲಸವೆಂದು ಹಲವರು ಎಣಿಸಿದ್ದರು. ಹಳ್ಳಿಯ ಹಾಡುಗಾರನನ್ನೂ ಹಾಗೆಯೇ ತಾಳಜ್ಞಾನವಿಲ್ಲದವನೆಂದು ಬದಿಗೆ ಸರಿಸುತ್ತಿದ್ದವರು ಉಂಟು. ಅವಗಣನೆಗೆ ಒಳಗಾಗಿದ್ದ ಈ ಎರಡನ್ನೂ ಒಂದುಗೂಡಿಸಿ, ಎರಡರ ಘನತೆಯನ್ನೂ ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಪರ್ಸಿ ಗ್ರೇಂಜರ್ ಪ್ರಮುಖನು.

ಗ್ರೇಂಜರ್ 1882ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಹುಟ್ಟಿದನು. ಎಳವೆಯಲ್ಲಿಯೇ ಪಿಯಾನೋ ಕಲಿತು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವ್ಯಾಸಂಗ ನಡೆಸಿ, 1901ರಲ್ಲಿ ಲಂಡನ್ನಿಗೆ ಬಂದು ನೆಲೆಸಿದನು. 1905ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಬ್ರಿಗ್ ಎಂಬ ಪಟ್ಟಣದಲ್ಲಿ ಜನಪದ ಗೀತೆಗಳ ಸ್ಪರ್ಧೆ ನಡೆಯಿತು. ಎಪ್ಪತ್ತು ವರ್ಷ ದಾಟಿದ್ದ ಜೋಸೆಫ್ ಟೇಲರ್ ಎಂಬ ಜಮೀನಿನ ಪಾರುಪತ್ಯಗಾರರು ಅಲ್ಲಿ ಹಾಡಿದರು. ಆ ಕಂಠದ ಮಾಧುರ್ಯಕ್ಕೆ ತರುಣ ಗ್ರೇಂಜರ್ ಮಾರುಹೋದನು. ಹಳ್ಳಿಹಳ್ಳಿಗೆ ಹೋಗಿ ಹಾಡುಗಳನ್ನು ಬರೆದುಕೊಳ್ಳತೊಡಗಿದನು.

ಆದರೆ ಲೇಖನಿಗೆ ಆ ಹಾಡುಗಳು ಸುಲಭವಾಗಿ ಸಿಕ್ಕಲಿಲ್ಲ. ಒಂದು ಚರಣದಲ್ಲಿ ಹಿಗ್ಗಿದ ಸ್ವರ ಮುಂದಿನ ಚರಣದಲ್ಲಿ ಕುಗ್ಗುತ್ತಿತ್ತು. ಮಾತಿನ ಭಾವಕ್ಕೆ ತಕ್ಕಂತೆ ಲಯವೂ ಬಾಗುತ್ತಿತ್ತು. 1906ರಲ್ಲಿ ಗ್ರೇಂಜರ್ ಫೋನೋಗ್ರಾಫ್ ಯಂತ್ರವನ್ನು ಹೊತ್ತು ಮತ್ತೆ ಬಂದನು. ಹಾಡುಗಾರನು ಯಂತ್ರದ ಕಹಳೆಯ ಮುಂದೆ ಹಾಡಿದರೆ, ಧ್ವನಿಯ ಕಂಪನಕ್ಕೆ ಅದುರುವ ಸೂಜಿಯು ತಿರುಗುವ ಮೇಣದ ಉರುಳೆಯ ಮೇಲೆ ಗೀರು ಕೊರೆಯುತ್ತಿತ್ತು. ಆ ಗೀರಿನ ಮೇಲೆ ಸೂಜಿಯನ್ನು ಪುನಃ ಓಡಿಸಿದರೆ ಹಾಡು ಮರಳಿ ಕೇಳಿಸುತ್ತಿತ್ತು. ವೇಗವನ್ನು ತಗ್ಗಿಸಿ, ಮತ್ತೆ ಮತ್ತೆ ಆಲಿಸಿದಾಗ ಗ್ರೇಂಜರಿಗೆ ಸತ್ಯವು ಹೊಳೆಯಿತು. ಪಂಡಿತರು ತಪ್ಪೆಂದು ತಿದ್ದಬಯಸುವ ಆ ಏರಿಳಿತಗಳು ತಪ್ಪುಗಳಲ್ಲ. ಅವೇ ಹಾಡುಗಾರನ ವ್ಯಕ್ತಿತ್ವ.

ಡೀನ್ ಎಂಬ ವೃದ್ಧರ ಪ್ರಸಂಗವನ್ನು ಗ್ರೇಂಜರ್ ಮುಂದೆ ತಾನೇ ಬರೆದಿಟ್ಟಿದ್ದಾನೆ. ಅವರು ಬ್ರಿಗ್‌ನ ನಿರ್ಗತಿಕರ ಆಶ್ರಯಗೃಹದಲ್ಲಿದ್ದರು. ಹಾಡು ಕೆದಕಿದ ಹಳೆಯ ನೆನಪುಗಳನ್ನು ಅವರ ದುರ್ಬಲ ಹೃದಯ ತಾಳಲಾರದೆಂದು ಹೆದರಿದ ಮೇಲ್ವಿಚಾರಕಿಯು ಅವರನ್ನು ಇನ್ನು ಹಾಡಿಸಬಾರದೆಂದು ತಡೆದಳು. ಸುಮಾರು ಒಂದು ವರ್ಷದ ನಂತರ ಗ್ರೇಂಜರ್ ಯಂತ್ರದೊಡನೆ ಹೋದಾಗ, ಮೆಟ್ಟಿಲಿನಿಂದ ಬಿದ್ದು ತಲೆಗೆ ಗಾಯವಾಗಿ ಅವರು ಹಾಸಿಗೆ ಹಿಡಿದಿದ್ದರು. ಹಾಡುವ ಶಕ್ತಿ ತಮ್ಮಲ್ಲಿಲ್ಲವೆಂದರು. ಗ್ರೇಂಜರ್ ಒತ್ತಾಯಿಸಲಿಲ್ಲ. ಸುತ್ತಲಿನ ಊರವರ ಹಾಡುಗಳನ್ನು ಯಂತ್ರದಿಂದ ಕೇಳಿಸಿದನಷ್ಟೇ. ಅರ್ಧ ಹಾಡು ಮುಗಿಯುವ ಮೊದಲೇ ವೃದ್ಧರು ತಾವೂ ಹಾಡುವೆನೆಂದರು. ಯಂತ್ರವನ್ನು ಹಾಸಿಗೆಯ ಮೇಲೆಯೇ ಇರಿಸಲಾಯಿತು. ಚರಣಗಳ ನಡುವೆ ಒಮ್ಮೆ ನಿಲ್ಲಿಸಿ, ಇದರಿಂದ ತಮಗೆ ಸಂತೋಷವಾಗುತ್ತಿದೆಯೆಂದು ಅವರು ಆಡಿದ ಮಾತೂ ಮೇಣದಲ್ಲಿ ಅಚ್ಚಾಯಿತು.

1914ರಲ್ಲಿ ಅಮೆರಿಕಕ್ಕೆ ತೆರಳಿದ ಗ್ರೇಂಜರ್, 1917ರಲ್ಲಿ ಅಲ್ಲಿನ ಸೇನೆಯ ಬ್ಯಾಂಡಿಗೆ ಸಾಮಾನ್ಯ ವಾದಕನಾಗಿ ಸೇರಿದನು. ಪಿಯಾನೋ ವಾದನದಲ್ಲಿ ಹೆಸರಾಗಿದ್ದವನು ಸ್ಯಾಕ್ಸೊಫೋನ್ ಹಿಡಿದು ಸೈನಿಕರ ನಡುವೆ ಕುಳಿತನು. ಸುಷಿರವಾದ್ಯಗಳಿಗೂ ಮನುಷ್ಯಕಂಠಕ್ಕೂ ಉಸಿರೇ ಮೂಲ; ಹಳ್ಳಿಯ ಹಾಡಿನ ಉಸಿರಾಟವನ್ನು ಹಿಡಿದಿಡಬಲ್ಲ ಮೇಳವು ಇದೇ ಅಲ್ಲವೆ? 1918ರಲ್ಲಿ ಬ್ಯಾಂಡಿಗಾಗಿ ಪ್ರಕಟವಾದ ‘ಐರಿಷ್ ಟ್ಯೂನ್ ಫ್ರಂ ಕೌಂಟಿ ಡೆರ್ರಿ’ ಶಾಂತಗಂಭೀರ ಕೃತಿ. ಅದರ ಜೊತೆಯ ‘ಶೆಫರ್ಡ್ಸ್ ಹೇ’ ಕುಣಿದಾಡುವ ಕೃತಿ. ಇವೆರಡೂ ಜನಪ್ರಿಯವಾದವು. ಆದರೆ ಅದೇ ವರ್ಷ ಪಿಯಾನೋಗೆ ಅಳವಡಿಸಿದ ‘ಕಂಟ್ರಿ ಗಾರ್ಡನ್ಸ್’ ಎಂಬ ಪುಟ್ಟ ಕುಣಿತದ ಮಟ್ಟು ಎಲ್ಲವನ್ನೂ ಮೀರಿಸಿತು. ಹೋದಲ್ಲೆಲ್ಲ ಜನರು ಅದನ್ನೇ ಬೇಡಿದರು. ತನ್ನ ಗಂಭೀರ ಕೃತಿಗಳನ್ನು ಈ ಕೀರ್ತಿಯು ಮರೆಮಾಡಿತೆಂದು ಗ್ರೇಂಜರ್ ಬೇಸರಪಟ್ಟನು.

ಆತನ ಮೇರುಕೃತಿಯೆನಿಸಿದ್ದು 1937ರ ‘ಲಿಂಕನ್‌ಶೈರ್ ಪೋಸಿ’. ಪೋಸಿ ಎಂದರೆ ಚಿಕ್ಕ ಹೂಗುಚ್ಛ. ಅದರ ಆರು ಭಾಗಗಳಲ್ಲಿ ಐದಕ್ಕೆ ಗ್ರೇಂಜರ್ ತಾನೇ ಸಂಗ್ರಹಿಸಿದ ಹಾಡುಗಳು ಆಧಾರ. ಆರನೆಯದು ಲೂಸಿ ಬ್ರಾಡ್‌ವುಡ್ ಎಂಬಾಕೆಯ ಸಂಗ್ರಹದ್ದು. ಹಾಡಿನ ಜೊತೆಗೆ ಹಾಡಿದವರ ಸ್ವಭಾವವನ್ನೂ ಚಿತ್ರಿಸುವುದು ಆತನ ಉದ್ದೇಶವಾಗಿತ್ತು. ಡೀನರ ‘ಲಿಸ್ಬನ್’ ಮೊದಲನೆಯ ಭಾಗ. ‘ಲಾರ್ಡ್ ಮೆಲ್ಬರ್ನ್’ ಎಂಬ ಯುದ್ಧಗೀತೆಯ ಕೆಲವೆಡೆ ಸ್ವರಗಳ ಕಾಲಾವಧಿಯನ್ನು ನಿರ್ದೇಶಕನ ವಿವೇಚನೆಗೇ ಬಿಡಲಾಗಿದೆ. ಅಲ್ಲಿ ವಾದಕರು ಕಾಗದವನ್ನಲ್ಲ, ಆತನ ಕೈಯನ್ನು ನೋಡಬೇಕು.

1937ರ ಮಾರ್ಚ್ 7ರಂದು ಅಮೆರಿಕದ ಮಿಲ್ವಾಕಿ ನಗರದಲ್ಲಿ, ಬ್ಯಾಂಡ್ ನಿರ್ದೇಶಕರ ಸಮ್ಮೇಳನದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಸಮತಾಳಕ್ಕೆ ಒಗ್ಗಿದ ವಾದಕರಿಗೆ ಆ ವಿಷಮ ಲಯಗಳು ಹಿಡಿತಕ್ಕೆ ಬಾರದೆ, ಅಂದು ಮೂರೇ ಭಾಗಗಳನ್ನು ನುಡಿಸಲಾಯಿತು. ಯಾವ ಹಾಡುಗಾರರನ್ನು ತಾಳ ತಪ್ಪುವವರೆಂದು ಹಳಿಯಲಾಗಿತ್ತೋ ಅವರ ಲಯವನ್ನು ಹಿಡಿಯಲು ನುರಿತ ವಾದಕರೂ ತಡವರಿಸಿದರು! ಹಾಡನ್ನು ಸರಳಗೊಳಿಸಿ ಸುಲಭವಾದ ಮೆಚ್ಚುಗೆ ಪಡೆಯುವುದು ಗ್ರೇಂಜರಿಗೆ ಅಸಾಧ್ಯವಿರಲಿಲ್ಲ. ಹಾಗೆ ಮಾಡಿದ್ದರೆ ಹಳ್ಳಿಯ ಹಿರಿಯರಿಗೆ ದ್ರೋಹ ಬಗೆದಂತಾಗುತ್ತಿತ್ತು.

ತನಗಾಗಿ ಹಾಡಿದ ಆ ಹಿರಿಯರಿಗೇ ಗ್ರೇಂಜರ್ ಈ ಕೃತಿಯನ್ನು ಅರ್ಪಿಸಿದನು. ಜೋಸೆಫ್ ಟೇಲರ್ 1910ರಲ್ಲಿಯೇ ಕಣ್ಮರೆಯಾಗಿದ್ದರು. ಗ್ರೇಂಜರ್ 1961ರಲ್ಲಿ ತೀರಿಕೊಂಡನು. ಇಂದು ನಾನಾ ದೇಶಗಳ ವಿದ್ಯಾರ್ಥಿ ಬ್ಯಾಂಡುಗಳು ಈ ಆರು ಭಾಗಗಳನ್ನೂ ಅಭ್ಯಾಸಮಾಡಿ ನುಡಿಸುತ್ತವೆ. ತನ್ನ ಅಳತೆಗೋಲಿಗೆ ಹೊಂದದ್ದನ್ನು ದೋಷವೆಂದು ತಳ್ಳಿಹಾಕುವುದು ಸುಲಭ. ತಾಳ್ಮೆಯಿಂದ ಕಿವಿಗೊಟ್ಟು ಅದರ ಸೊಗಸನ್ನು ಅರಿಯುವುದು ಕಷ್ಟ. ಆ ಕಷ್ಟವನ್ನು ಒಬ್ಬನು ಮನಃಪೂರ್ವಕವಾಗಿ ಪಟ್ಟುದರಿಂದಲೇ ಆಶ್ರಯಗೃಹದ ಹಾಸಿಗೆಯಲ್ಲಿ ಕೇಳಿದ ಕ್ಷೀಣಸ್ವರವೊಂದು ಸಭಾಂಗಣಗಳನ್ನು ತುಂಬುವಂತಾಯಿತು.