ಕಾಳಿ ದಂಡೆಯ ನೀರುನಾಯಿ ಬಂಡೆ

ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕದ ಸೀಟನ್ನು ಮಗಳಿಗೆ ಬಿಟ್ಟುಕೊಟ್ಟೆ. ಅವಳಿಗೆ ಹನ್ನೊಂದು ವರ್ಷ. ಮಂಗಟ್ಟೆ ಹಕ್ಕಿ ಕಂಡರೆ ಒಂದು ಅಂಕ, ನವಿಲು ಕಂಡರೆ ಅರ್ಧ ಅಂಕ ಎಂದು ತಾನೇ ಒಂದು ಆಟ ಕಟ್ಟಿಕೊಂಡಿದ್ದಳು. "ನೀರುನಾಯಿ ಕಂಡರೆ ಎಷ್ಟು?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ "ಹತ್ತು" ಎಂದಳು.

ನಾನು ಅಲ್ಲಿಗೆ ಹೊರಟಿದ್ದೇ ನೀರುನಾಯಿಗಾಗಿ. ಆದರೆ ಯಾಕೆ ಎಂದು ಅವಳಿಗೆ ಹೇಳಿರಲಿಲ್ಲ.

ನನ್ನ ಅಪ್ಪ ಸೂಪಾ ಅಣೆಕಟ್ಟಿನ ಕೆಲಸದಲ್ಲಿದ್ದರು. ನನ್ನ ಬಾಲ್ಯದ ನಾಲ್ಕು ವರ್ಷ ಗಣೇಶಗುಡಿಯ ಕಾಲೊನಿಯಲ್ಲಿ ಕಳೆಯಿತು. ಆಗ ಊರೆಂದರೆ ಲಾರಿ, ಧೂಳು, ಸಿಮೆಂಟು. ಬಂಡೆ ಒಡೆಯುವ ಸದ್ದಿಗೆ ಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಸಿಡಿಮದ್ದು ಇಡುತ್ತಿದ್ದ ಕಟ್ಟಡವನ್ನು ಈಗ ಹಕ್ಕಿ ನೋಡುವವರ ತಂಗುದಾಣ ಮಾಡಿದ್ದಾರೆ. ಹೆಸರು ಮಾತ್ರ ಇಂದಿಗೂ ಓಲ್ಡ್ ಮ್ಯಾಗಜೀನ್ ಹೌಸ್. "ಅಲ್ಲಿ ಹಳೆ ವಾರಪತ್ರಿಕೆ ಇಡ್ತಿದ್ರಾ?" ಎಂದು ಮಗಳು ಕೇಳಿದಳು. ಅಣೆಕಟ್ಟು 1987ರಲ್ಲಿ ಮುಗಿಯಿತು. ಎತ್ತರ 101 ಮೀಟರ್. ಹಳೆಯ ಸೂಪಾ ಊರು ಅದರ ಹಿನ್ನೀರಿನ ಅಡಿಯಲ್ಲಿದೆ.

ನನ್ನ ಕಥೆ ನಡೆದದ್ದು 1984ರಲ್ಲಿ. ನನಗಾಗ ಒಂಬತ್ತು ವರ್ಷ. ಕಾಲೊನಿಯಿಂದ ಕೆಳಗಿಳಿದರೆ ಹೊಳೆ. ಹೊಳೆಯ ತಿರುವಿನಲ್ಲಿ ಎಮ್ಮೆ ಮಲಗಿದಂಥ ಒಂದು ಕಪ್ಪು ಬಂಡೆ. ಬೆಳಗಿನ ಹೊತ್ತು ಅದರ ಮೇಲೆ ನೀರುನಾಯಿಗಳು ಬಂದು ಕೂರುತ್ತಿದ್ದವು. ದೊಡ್ಡವು ಎರಡು, ಸಣ್ಣವು ಮೂರು. ಇಡೀ ಕಾಲೊನಿಯಲ್ಲಿ ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೇ ಎಂಬ ಹೆಮ್ಮೆ ನನಗೆ.

ನೀರುನಾಯಿ ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ನಾವು ಅದನ್ನು ನಾಯಿ ಎಂದರೆ, ಜೋಯಿಡಾ ಕಡೆ ಮರಾಠಿ ಮಾತಾಡುವವರು ಪಾಣಮಾಂಜರ, ಅಂದರೆ ನೀರುಬೆಕ್ಕು ಎನ್ನುತ್ತಾರೆ. ನಮ್ಮ ಘಟ್ಟದ ಕಾಡಿನಲ್ಲಿ ಮರದಿಂದ ಮರಕ್ಕೆ ಓಡಾಡುವ ನೀಲಗಿರಿ ಮಾರ್ಟೆನ್ ಅದರ ನಿಜವಾದ ನೆಂಟ. ಕಾಳಿಯಲ್ಲಿ ಹೆಚ್ಚು ಕಾಣುವುದು ನುಣುಪು ತುಪ್ಪಳದ ದೊಡ್ಡ ಜಾತಿ. ಮೂತಿಯಿಂದ ಬಾಲದ ತುದಿಯವರೆಗೆ ಮೂರೂವರೆ ಅಡಿ, ತೂಕ ಏಳರಿಂದ ಹನ್ನೊಂದು ಕಿಲೋ. ನೀರಿಗೆ ಧುಮುಕಿದಾಗ ಕಿವಿ, ಮೂಗು ಎರಡೂ ಮುಚ್ಚಿಕೊಳ್ಳುತ್ತವೆ. ಕಲಕಿದ ನೀರಿನಲ್ಲಿ ಕಣ್ಣು ಕಾಣದಿದ್ದರೂ ಮೀಸೆಗೆ ಮೀನಿನ ಅಲುಗಾಟ ಗೊತ್ತಾಗುತ್ತದೆ. ಮೈಮೇಲಿನ ಕೂದಲು ಎರಡು ಪದರ. ಒಳಗಿನ ಪದರ ಎಷ್ಟು ದಟ್ಟ ಎಂದರೆ ಅದರೊಳಗೆ ಗಾಳಿ ಸಿಕ್ಕಿಕೊಂಡು ಚರ್ಮಕ್ಕೆ ನೀರು ತಾಗುವುದೇ ಇಲ್ಲ. ಆ ಪದರವೇ ಅದಕ್ಕೆ ಕಂಬಳಿ. ಜನ ಆಸೆಪಟ್ಟದ್ದೂ ಅದೇ ಕಂಬಳಿಗೆ.

ಹೊರ ಊರಿನ ಇಬ್ಬರು ಒಂದು ದಿನ ಹೊಳೆ ದಂಡೆಯಲ್ಲಿ ಸಿಕ್ಕರು. ನನಗೆ ಪೆಪ್ಪರ್‌ಮಿಂಟ್ ಕೊಟ್ಟರು. "ಏನು ತಮ್ಮಾ, ಇಲ್ಲಿ ನೀರುನಾಯಿ ಬರ್ತಾವಂತಲ್ಲ, ನಿಂಗೆ ಗೊತ್ತಿಲ್ಲೇನೋ ಪಾಪ" ಎಂದರು. ಗೊತ್ತಿಲ್ಲ ಎಂದರೆ ನನ್ನ ಮರ್ಯಾದೆ ಏನಾಗಬೇಕು? ಬೆರಳು ಮಾಡಿ ಬಂಡೆ ತೋರಿಸಿದೆ. ಎಷ್ಟು ಹೊತ್ತಿಗೆ ಬರುತ್ತವೆ, ಯಾವ ಕಡೆಯಿಂದ ಹತ್ತುತ್ತವೆ ಎಂದೂ ಹೇಳಿದೆ.

ಮೂರನೆಯ ದಿನ ಹೋದಾಗ ಬಂಡೆಯ ಮೇಲೆ ಸರಪಳಿ ಉಜ್ಜಿದ ಬಿಳಿ ಗೀರುಗಳಿದ್ದವು. ಅಂಚಿನಲ್ಲಿ ಒಂದಿಷ್ಟು ಕಂದು ಕೂದಲು ಅಂಟಿಕೊಂಡಿತ್ತು. ಆಚೆ ದಡದಲ್ಲಿ ಒಂದು ನೀರುನಾಯಿ ನೀರಿನಿಂದ ಕತ್ತು ಎತ್ತಿ ಸಿಳ್ಳೆ ಹಾಕಿತು. ಮುಳುಗಿ ಇನ್ನೊಂದು ಕಡೆ ಎದ್ದು ಮತ್ತೆ ಸಿಳ್ಳೆ. ಉತ್ತರ ಬರಲಿಲ್ಲ. ನಾಲ್ಕೈದು ದಿನ ಹಾಗೇ ನಡೆಯಿತು. ಆಮೇಲೆ ಅದೂ ಬರಲಿಲ್ಲ. ಅಪ್ಪನಿಗಾಗಲೀ ಅಮ್ಮನಿಗಾಗಲೀ ನಾನು ಇದನ್ನು ಹೇಳಲೇ ಇಲ್ಲ.

ಈಗ ಗಣೇಶಗುಡಿ ಬೇರೆಯೇ ಊರು. ರ‍್ಯಾಫ್ಟಿಂಗ್‌ಗೆ ಬಂದ ಹುಡುಗರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ರಸ್ತೆ ತುಂಬ ಓಡಾಡುತ್ತಾರೆ. ಅಣೆಕಟ್ಟಿನ ಬುಡದ ವಿದ್ಯುದಾಗಾರದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಹುಡುಗರ ದೋಣಿಯೂ ಅದೇ ಲೆಕ್ಕದಲ್ಲಿ ಇಳಿಯಬೇಕು, ನೀರುನಾಯಿಯ ಊಟವೂ ಅದೇ ಲೆಕ್ಕದಲ್ಲಿ ನಡೆಯಬೇಕು. ನನ್ನ ಎಮ್ಮೆ ಬಂಡೆ ಹುಡುಕಿದೆ. ಅರ್ಧ ಬೆನ್ನು ಮಾತ್ರ ಮೇಲಿತ್ತು.

ಹಳೆಯ ಗುರುತಿನ ಒಬ್ಬರನ್ನು ಹುಡುಕಿಕೊಂಡು ಹೋದೆವು. ನಾನು ಹುಡುಗನಾಗಿದ್ದಾಗ ಅವರು ಹೊಳೆಯಲ್ಲಿ ಬಲೆ ಬಿಡುವ ಗಟ್ಟಿ ಆಳು. ಎಲ್ಲರಿಗೂ ಅವರು ಮಾಮಾ. ಈಗ ಎಪ್ಪತ್ತು ದಾಟಿದೆ. ಅಂಗಳದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು. ಬಲೆಯಲ್ಲಿ ತಟ್ಟೆಯಗಲದ ತೂತು.

"ಇದು ನಿನ್ನ ನೀರುನಾಯಿ ಕೆಲಸ ನೋಡು," ಎಂದರು. "ಮೀನು ನಾನು ಹಿಡಿಯೋದು, ಅದು ತಿನ್ನೋದು. ತಲೆ ಮಾತ್ರ ನನಗೆ ಬಿಟ್ಟು ಹೋಗ್ತದೆ. ದೊಡ್ಡ ಉಪಕಾರ!"

ಮಗಳು ನಕ್ಕಳು. ಮಾಮಾ ನಗಲಿಲ್ಲ. ಹೊಸ ಬಲೆಗೆ ಎಷ್ಟಾಗುತ್ತದೆ, ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹೇಳಿದರು. ಪೇಟೆಯಲ್ಲಿ ಕೂತು ನೀರುನಾಯಿಯನ್ನು ಮುದ್ದು ಎನ್ನುವ ನಮ್ಮಂಥವರು ಆ ಲೆಕ್ಕವನ್ನೂ ಕೇಳಿಸಿಕೊಳ್ಳಬೇಕು ಅನ್ನಿಸಿತು. ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಬೋನಿನ ಕಾಟಕ್ಕೆ, ಕೆಟ್ಟ ನೀರಿಗೆ ನೀರುನಾಯಿಗಳು ಎಷ್ಟೋ ರಾಜ್ಯಗಳಲ್ಲಿ ಇಲ್ಲವಾಗಿದ್ದವು. 1976ರಿಂದ 1998ರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ನೀರುನಾಯಿಗಳನ್ನು ಬೇರೆ ಕಡೆ ಜೀವಂತ ಹಿಡಿದು ತಂದು 21 ರಾಜ್ಯಗಳಲ್ಲಿ ಬಿಟ್ಟರು. ವಿಚಿತ್ರವೆಂದರೆ ಹಿಡಿಯಲು ಬಳಸಿದ್ದೂ ಬಹುಮಟ್ಟಿಗೆ ಕಾಲು ಹಿಡಿಯುವ ಬೋನುಗಳನ್ನೇ. ಹಿಡಿದವರು ಬೇಗ ಬಂದು ಬಿಡಿಸಿಕೊಂಡು, ಗಾಯಕ್ಕೆ ಮದ್ದು ಹಾಕಿ ಹೊಸ ನದಿಗೆ ಕಳಿಸಿದರು. ಮಿಸೌರಿ ರಾಜ್ಯದಲ್ಲಿ ಅವು ಚೆನ್ನಾಗಿ ಹೆಚ್ಚಿದವು. ಕೆರೆಯ ಮೀನು ಹೋಯಿತೆಂದು ಜನ ಗಲಾಟೆ ಮಾಡಿದರು. 1996ರಲ್ಲಿ ಅಲ್ಲಿ ಮತ್ತೆ ಬೋನಿಗೆ ಅನುಮತಿ ಸಿಕ್ಕಿತು. ಇತ್ತ ಬಾಂಗ್ಲಾದೇಶದ ನರೈಲ್ ಕಡೆ ಬೆಸ್ತರು ನೀರುನಾಯಿಯನ್ನೇ ಸಾಕಿ, ಹಗ್ಗ ಕಟ್ಟಿ ನೀರಿಗಿಳಿಸಿ, ಮೀನುಗಳನ್ನು ಬಲೆಯ ಕಡೆಗೆ ಅಟ್ಟಿಸುತ್ತಾರೆ. ಇದನ್ನು ಮಾಮಾಗೆ ಹೇಳಿದಾಗ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು. "ಸಂಬಳ ಏನು ಕೊಡ್ತಾರೆ?" ಎಂದರು.

ಚಹಾ ಕುಡಿಯುವಾಗ ಧೈರ್ಯ ಮಾಡಿ ಪೆಪ್ಪರ್‌ಮಿಂಟಿನ ಕಥೆ ಹೇಳಿದೆ. ಮಗಳೂ ಕೇಳಿಸಿಕೊಳ್ಳುತ್ತಿದ್ದಳು.

ಮಾಮಾ ಆ ಇಬ್ಬರನ್ನು ನೋಡಿದ್ದರಂತೆ. "ನೀರುನಾಯಿ ಬೋನಿಗೆ ತಿಂಡಿ ಬೇಕಾಗಿಲ್ಲ, ಬಾಳ," ಎಂದರು. ಬೇರೆ ಪ್ರಾಣಿಯನ್ನು ಆಸೆ ತೋರಿಸಿ ಹಿಡಿಯುತ್ತಾರೆ. ಇದನ್ನು ಹಿಡಿಯುವುದು ಇದರ ಅಭ್ಯಾಸದಿಂದಲೇ. ಒಂದು ಕುಟುಂಬ ನೀರಿನಿಂದ ಹತ್ತುವ ಜಾಗ ಒಂದೇ, ಮೈ ಒರೆಸಿಕೊಳ್ಳುವ ಮರಳು ಒಂದೇ. ಮಲ ಹಾಕುವುದೂ ಎಲ್ಲವೂ ಸೇರಿ ಒಂದೇ ಕಡೆ. ಅದು ಕೊಳಕು ಬುದ್ಧಿಯಲ್ಲ. ಅದು ಅವುಗಳ ಸುದ್ದಿಹಲಗೆ. ಯಾರು ಬಂದಿದ್ದರು, ಈ ಜಾಗ ಯಾರದು ಎಂಬುದನ್ನು ವಾಸನೆಯಲ್ಲೇ ಓದಿಕೊಳ್ಳುತ್ತವೆ. ಬೇಟೆಗಾರ ಕೂಡ ಅದನ್ನೇ ಓದುತ್ತಿದ್ದ. ಕಬ್ಬಿಣದ ಬೋನಿನ ಮೇಲೆ ನೀರುನಾಯಿ ದಿನಾ ಇಡುವ ಕಾಲನ್ನೇ ಇಡುತ್ತಿತ್ತು. ಚರ್ಮ ಹಾಳಾಗಬಾರದೆಂದು ಗುಂಡು ಹೊಡೆಯುತ್ತಿರಲಿಲ್ಲ. ಮುಂದಿನದನ್ನು ಮಾಮಾ ಮಗಳ ಎದುರು ಹೇಳಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದೆಲ್ಲ ಅಪರಾಧ. ಆದರೂ ಕಳ್ಳದಾರಿಯಲ್ಲಿ ಚರ್ಮ ಉತ್ತರಕ್ಕೆ, ಅಲ್ಲಿಂದ ನೇಪಾಳ, ಟಿಬೆಟ್ ಕಡೆಗೆ ಹೋಗುತ್ತಲೇ ಇತ್ತು. ಚಳಿನಾಡಿನ ನಿಲುವಂಗಿಯ ಅಂಚಿಗೆ ಅದು ಅಲಂಕಾರ. 2003ರಲ್ಲಿ ಟಿಬೆಟಿನಲ್ಲಿ ಒಂದೇ ಸಲ ಸಿಕ್ಕಿಬಿದ್ದ ಸರಕಿನಲ್ಲಿ 31 ಹುಲಿ, 581 ಚಿರತೆ, 778 ನೀರುನಾಯಿ ಚರ್ಮಗಳಿದ್ದವು. ಹುಲಿಯ ಸುದ್ದಿ ಎಲ್ಲರೂ ಓದಿದರು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಸಮಾರಂಭ ನಡೆಯಿತು. ಕಾಡುಪ್ರಾಣಿಯ ಚರ್ಮ ತೊಡಬೇಡಿ ಎಂದು ದಲೈ ಲಾಮಾ ಅಲ್ಲಿ ಕೇಳಿಕೊಂಡರು. ಅದಾದ ಮೇಲೆ ಟಿಬೆಟಿನ ಊರೂರುಗಳಲ್ಲಿ ಜನ ಬೆಲೆಬಾಳುವ ನಿಲುವಂಗಿಗಳನ್ನು ರಾಶಿ ಹಾಕಿ ಸುಟ್ಟರು. ನಮ್ಮ ಜಿಲ್ಲೆಯ ಮುಂಡಗೋಡದಲ್ಲೇ 1966ರಿಂದ ಟಿಬೆಟಿಯನ್ನರ ದೊಡ್ಡ ವಸತಿ ಇದೆ. ಆ ಮಾತಿನ ತೂಕ ಎಷ್ಟೆಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

"ನಾನು ತೋರಿಸದೇ ಇದ್ದಿದ್ದರೆ?" ಎಂದು ಮಾಮಾರನ್ನು ಕೇಳಿದೆ.

"ಅವರಾಗೇ ಹುಡುಕ್ತಿದ್ರು," ಎಂದರು. ಬಲೆಯ ಗಂಟು ಹಲ್ಲಿನಿಂದ ಬಿಗಿದು, "ನಾಲ್ಕು ದಿನ ಹೆಚ್ಚು ಹಿಡೀತಿತ್ತು" ಎಂದು ಸೇರಿಸಿದರು.

ನನಗೆ ಬೇಕಾಗಿದ್ದ ಸಮಾಧಾನ ಅದಾಗಿರಲಿಲ್ಲ. ಆದರೆ ಮಾತು ನಿಜ.

ಆ ಸಂಜೆ ನಾವು ಉಳಿದುಕೊಂಡ ಮನೆಗೆ ಒಬ್ಬ ಯುವತಿ ಬಂದರು. ಹೊಳೆಯ ಪ್ರಾಣಿಗಳ ಮೇಲೆ ಅಧ್ಯಯನ ಮಾಡುತ್ತಿರುವವರು. ನಾನು ಇಲ್ಲೇ ಬೆಳೆದವನೆಂದು ಗೊತ್ತಾದ ಕೂಡಲೇ, "ಸರ್, ಮೊದಲು ನೀರುನಾಯಿ ಎಲ್ಲಿ ಕೂರ್ತಿದ್ವು, ತೋರಿಸ್ತೀರಾ?" ಎಂದರು. ಅದೇ ಪ್ರಶ್ನೆ! ನನಗೆ ಬಾಯಿ ಕಟ್ಟಿತು. ಮಗಳು ಮೊಣಕೈಯಿಂದ ತಿವಿದಳು.

ಅವರ ಚೀಲದಲ್ಲಿದ್ದದ್ದೂ ಒಂದು ಬೋನೇ. ಹೆಸರು ಕ್ಯಾಮೆರಾ ಟ್ರ್ಯಾಪ್. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಮರಕ್ಕೆ ಪಟ್ಟಿಯಿಂದ ಕಟ್ಟುವಂಥದ್ದು. ಎದುರಿಗೆ ಮೈಬಿಸಿಯ ಪ್ರಾಣಿ ಹಾದರೆ ತಾನೇ ಚಿತ್ರ ತೆಗೆಯುತ್ತದೆ. ಹುಲಿಯಾದರೆ ಸುಲಭ, ಪಟ್ಟೆ ನೋಡಿ ಇದು ಇಂಥದ್ದೇ ಎಂದು ಹೇಳಬಹುದು. ನೀರುನಾಯಿಗೆ ಪಟ್ಟೆ ಇಲ್ಲ, ಎಲ್ಲವೂ ಒಂದೇ ಥರ ಕಾಣುತ್ತವೆ. ಇನ್ನೊಂದು ತಾಪತ್ರಯವೂ ಇದೆ. ಆಗಲೇ ಹೇಳಿದ ಕಂಬಳಿ ಮೈಬಿಸಿಯನ್ನು ಹೊರಗೆ ಬಿಡುವುದೇ ಇಲ್ಲ. ಒದ್ದೆ ಮೈಯಲ್ಲಿ ಆಗತಾನೇ ನೀರಿನಿಂದ ಎದ್ದು ಬಂದರೆ ಕ್ಯಾಮೆರಾಕ್ಕೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಹೀಗಾಗಿ ಅವು ಹೆಚ್ಚು ಹೊತ್ತು ನಿಲ್ಲುವ ಜಾಗ, ಅಂದರೆ ಅದೇ ಸುದ್ದಿಹಲಗೆ, ಬೇಕೇ ಬೇಕು. ಆ ಮಲವನ್ನು ಕೆದಕಿದರೆ ಮೀನಿನ ಪೊರೆ, ಏಡಿಯ ಚಿಪ್ಪು ಸಿಗುತ್ತದೆ. ಹೊಳೆಯಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿಯುತ್ತದೆ. ಏಡಿಚಿಪ್ಪೇ ಹೆಚ್ಚಿದ್ದರೆ ಅದು ಬಹುಶಃ ಚಿಕ್ಕ ಉಗುರಿನ ಪುಟ್ಟ ನೀರುನಾಯಿಯದು.

ತುಂಗಭದ್ರೆಯಲ್ಲಿ ಹೀಗೆ ಹುಡುಕಾಡಿದ್ದರಿಂದಲೇ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು ಎಂದು ಅವರು ಹೇಳಿದರು.

ಮಾರನೆಯ ಬೆಳಿಗ್ಗೆ ಮಂಜಿನಲ್ಲಿ ನಾಲ್ವರೂ ಹೊರಟೆವು. ನನ್ನ ಹಳೆಯ ಬಂಡೆಯ ಮೇಲೆ ಏನೂ ಇರಲಿಲ್ಲ. ಮುಂದೆ ಕರೆದೊಯ್ದದ್ದು ಮಾಮಾ. ಬಂಡೆಗಳ ಸಂದಿಯಲ್ಲಿ ಸಿಕ್ಕಿಬಿದ್ದ ಒಂದು ಹಳೆ ನೈಲಾನ್ ಬಲೆಯನ್ನು ಅವರು ಕೋಲಿನಿಂದ ಎಳೆದು ತೆಗೆದರು. ಅದರಲ್ಲಿ ಸತ್ತ ಮೂರು ಮೀನು, ಒಂದು ನೀರುಹಾವು. "ಇದಕ್ಕೆ ಯಾರೂ ಬೇಡ, ತಾನೇ ಹಿಡೀತಾ ಇರ್ತದೆ. ಮರಿ ಸಿಕ್ಕರೆ ಉಸಿರು ಕಟ್ಟಿ ಸಾಯ್ತದೆ," ಎಂದು ಸುತ್ತಿ ಬಗಲಿಗೆ ಹಾಕಿಕೊಂಡರು. ಬಲೆ ಹರಿದದ್ದಕ್ಕೆ ನಿನ್ನೆಯಿಡೀ ಬೈದವರೂ ಇವರೇ.

ಬಿದಿರು ಮೆಳೆಯ ಹಿಂದೆ ಕೂತೆವು. ಮೊದಲು ಬಂದದ್ದು ಸಿಳ್ಳೆ. ನಲವತ್ತು ವರ್ಷವಾದರೂ ನನ್ನ ಕಿವಿ ಅದನ್ನು ಮರೆತಿರಲಿಲ್ಲ. ಆಮೇಲೆ ನೀರಿನ ಮೇಲೆ ಗುಳ್ಳೆಗಳ ಸಾಲು, ಒಂದು ಚಪ್ಪಟೆ ತಲೆ, ಇನ್ನೊಂದು, ಮತ್ತೊಂದು. ಒಟ್ಟು ಆರು. ದೊಡ್ಡದೊಂದು ಮೀನನ್ನು ಎರಡೂ ಮುಂಗಾಲಲ್ಲಿ ಹಿಡಿದು ಸೌತೆಕಾಯಿ ಕಡಿದ ಹಾಗೆ ಕಟಕಟ ತಿಂದಿತು. ಮರಿಗಳು ಮರಳಿನಲ್ಲಿ ಉರುಳಾಡಿ ಮೈ ಒರೆಸಿಕೊಂಡವು. ನೀರಿಗಿಳಿಯಲು ಹೆದರುತ್ತಿದ್ದ ಒಂದು ಮರಿಯನ್ನು ತಾಯಿ ಕತ್ತು ಹಿಡಿದು ಎಳೆದುಕೊಂಡೇ ಹೋಯಿತು. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಮೊಬೈಲ್ ತೆಗೆಯಲೇ ಇಲ್ಲ.

ಅವು ಹೋದ ಮೇಲೆ ಯುವತಿ ಒಂದು ಮರಕ್ಕೆ ಕ್ಯಾಮೆರಾ ಕಟ್ಟಿದರು. ಎತ್ತರ ಎಷ್ಟಿರಬೇಕು ಎಂದು ಮಾಮಾ ತೋರಿಸಿಕೊಟ್ಟರು, ತನ್ನ ಮೊಣಕಾಲಿಗಿಂತ ಒಂದು ಗೇಣು ಕೆಳಗೆ.

ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಕೂತಿದ್ದೆವು. ಪಕ್ಕದ ಮೇಜಿನ ಹುಡುಗರು ರ‍್ಯಾಫ್ಟಿಂಗ್ ಮುಗಿಸಿ ಬಂದವರು. ಮಗಳ ಕೊರಳಲ್ಲಿ ದುರ್ಬೀನು ಕಂಡು ಒಬ್ಬ ಕೇಳಿದ: "ಪುಟ್ಟೀ, ನೀರುನಾಯಿ ಎಲ್ಲಿ ಸಿಗುತ್ತೆ, ಗೊತ್ತಾ? ರೀಲ್ ಮಾಡ್ಬೇಕು."

ಅವಳು ನನ್ನ ಕಡೆ ನೋಡಿದಳು. ನಾನು ಚಹಾ ಲೋಟದ ಕಡೆ ನೋಡಿದೆ.

"ದಾಂಡೇಲಿಗೆ ಹೋಗಿ ಅಣ್ಣ," ಎಂದಳು. "ದಾಂಡೇಲಪ್ಪನ ಗುಡಿ ಹತ್ರ ಹೊಳೆಯಲ್ಲಿ ಮೊಸಳೆ ಇವೆ. ತುಂಬಾ ದೊಡ್ಡವು. ಅಲ್ಲಾಡೋದೇ ಇಲ್ಲ, ರೀಲ್‌ಗೆ ಚೆನ್ನಾಗಿರ್ತವೆ."